ಟ್ರಿಗರ್ ಇಲ್ಲದೆಯೂ ಟೋಹೋಲ್ಡ್ ಸ್ವಿಚ್ ಜಿಎಫ್‌ಪಿ ಮಾಡುತ್ತಿದೆ, ಎಲ್ಲಿ ತಪ್ಪಿದೆ?

ಟೋಹೋಲ್ಡ್ ಸ್ವಿಚ್ ಎಂದರೆ ಹೇರ್‌ಪಿನ್ನಿನಂತೆ ಮಡಚಿಕೊಂಡು ಪ್ರೋಟೀನ್ ತಯಾರಿಯನ್ನು ತಡೆದಿಡುವ ಆರ್‌ಎನ್‌ಎ. ಅದಕ್ಕೆ ಹೊಂದುವ ಇನ್ನೊಂದು ಆರ್‌ಎನ್‌ಎ, ಅಂದರೆ ಟ್ರಿಗರ್, ಅದರ ಬಿಡಿ ತುದಿಗೆ (ಟೋಹೋಲ್ಡ್) ಅಂಟಿದಾಗ ಮಾತ್ರ ಅದು ತೆರೆದು ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನ್ ಹುಟ್ಟಬೇಕು. ನೀವು ಬಿಎಲ್21 ಡಿಇ3 ಇ. ಕೋಲಿಯಲ್ಲಿ ಟಿ7 ಪ್ರೋಮೋಟರ್ (ಟಿ7 ಪಾಲಿಮರೇಸ್ ಆರ್‌ಎನ್‌ಎ ಬರೆಯಲು ಶುರುಮಾಡುವ ಜಾಗ) ಇಟ್ಟಿದ್ದೀರಿ, ಟ್ರಿಗರ್ ಇಲ್ಲದಾಗಲೂ ಹೊಳಪಿದೆ, ಇದ್ದಾಗ ಅದರ ಎರಡರಷ್ಟು ಮಾತ್ರ ಎಂದಿದ್ದೀರಿ. 'ಇಲ್ಲ' ಅಂದರೆ ಟ್ರಿಗರ್ ಹೊತ್ತ ಪ್ಲಾಸ್ಮಿಡ್ಡೇ (ಡಿಎನ್‌ಎ ಉಂಗುರ) ಇಲ್ಲವೋ, ಅದಿದ್ದು ಟಿ7 ಪಾಲಿಮರೇಸನ್ನು ಚಾಲೂ ಮಾಡುವ ಐಪಿಟಿಜಿ ಹಾಕಿಲ್ಲವೋ? ಎರಡನೆಯದಾದರೆ ಸ್ವಿಚ್ಚನ್ನು ದೂರಬೇಡಿ. ಈ ತಳಿಯಲ್ಲಿ ಐಪಿಟಿಜಿ ಇಲ್ಲದೆಯೂ ಒಂದಿಷ್ಟು ಟಿ7 ಪಾಲಿಮರೇಸ್ ತಯಾರಾಗುತ್ತದೆ. ಅಷ್ಟು ಸಾಕು, ಸ್ವಿಚ್ಚೂ ಟ್ರಿಗರ್ರೂ ಹುಟ್ಟಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನಾನಾದರೆ ಮೊದಲು ಕಂಟ್ರೋಲ್ ಸರಿಮಾಡುತ್ತೇನೆ: ಅದೇ ಪ್ಲಾಸ್ಮಿಡ್ಡಿನಲ್ಲಿ ಸಂಬಂಧವಿಲ್ಲದ ಟ್ರಿಗರ್, ಎರಡೂ ಕಲ್ಚರಿಗೆ ಒಂದೇ 0.1 ಮಿಲಿಮೋಲಾರ್ ಐಪಿಟಿಜಿ. ಜಿಎಫ್‌ಪಿಯೇ ಇಲ್ಲದ ಕೋಶಗಳ ಹೊಳಪನ್ನು ಎರಡರಿಂದಲೂ ಕಳೆಯಿರಿ. ಎಲ್‌ಬಿ ಎಂಬ ಬೆಳೆಸುವ ಸಾರು ತಾನೇ ಹಸಿರಾಗಿ ಮಿನುಗುತ್ತದೆ, ಕೋಶಗಳನ್ನು ಪಿಬಿಎಸ್ ಎಂಬ ಉಪ್ಪು ದ್ರಾವಣದಲ್ಲಿ ತೊಳೆದೇ ಅಳೆಯಿರಿ. ರಾತ್ರಿಯಿಡೀ ಬೆಳೆಸಿದ ಕಲ್ಚರ್ ಬೇಡ. ಜಿಎಫ್‌ಪಿ ಬೇಗ ಕರಗುವುದಿಲ್ಲ, ಸಣ್ಣ ಸೋರಿಕೆಯೂ ಬೆಳಗಾಗುವಷ್ಟರಲ್ಲಿ ಗುಡ್ಡೆಯಾಗಿರುತ್ತದೆ. ತುದಿಗೆ, ಪ್ರೋಟೀನನ್ನು ಬೇಗ ನಾಶಮಾಡಿಸುವ ಎಎಸ್‌ವಿ ಟ್ಯಾಗ್ ಸೇರಿಸಿದರೆ ಆ ಕಾಟ ಕಡಿಮೆ.

ಇಷ್ಟಾದ ಮೇಲೂ ಸೋರಿದರೆ ಹೇರ್‌ಪಿನ್ ನೋಡಿ: ಅದರ ಜೋಡಿಯಾದ ಕಾಂಡ ಸ್ಟೆಮ್, ತಲೆಯ ಕುಣಿಕೆ ಲೂಪ್. ಗ್ರೀನ್ ಮತ್ತು ಸಂಗಡಿಗರ 2014ರ ವಿನ್ಯಾಸದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಕೂರುವ ಜಾಗ ಲೂಪಿನಲ್ಲಿದೆ. ಪ್ರೋಟೀನ್ ಆರಂಭದ ಗುರುತಾದ ಎಯುಜಿ ಇರುವುದು ಸ್ಟೆಮ್ಮಿನ ಮಧ್ಯೆ, ಜೋಡಿಯಾಗದ 3 ಬೇಸಿನ ಉಬ್ಬಿನಲ್ಲಿ. ಅದರ ಮೇಲೆ 6 ಜೋಡಿ, ಕೆಳಗೆ 9. ಸ್ಟೆಮ್ಮಿನ ಬುಡದ ಜೋಡಿಗಳು ಗಟ್ಟಿಯಾದ ಜಿ-ಸಿ ಆಗಿರಲಿ, ಲೂಪಿನ ಪಕ್ಕದವು ಸಡಿಲವಾದ ಎ-ಯು. ಸೋರಿಕೆಗೆ ಹೆದರಿ ಇಡೀ ಸ್ಟೆಮ್ಮನ್ನು ಜಿ-ಸಿ ಮಾಡಿದರೆ ಟ್ರಿಗರ್ ಬಂದರೂ ಬಾಗಿಲು ತೆರೆಯದು. ಆರ್‌ಎನ್‌ಎ ಹೇಗೆ ಮಡಚುತ್ತದೆಂದು ಲೆಕ್ಕಹಾಕುವ ನ್ಯೂಪ್ಯಾಕ್ ತಂತ್ರಾಂಶದಲ್ಲಿ 37 ಡಿಗ್ರಿಗೆ ಮಡಚಿ ನೋಡುವಾಗ ಹೇರ್‌ಪಿನ್ ಒಂದನ್ನೇ ಹಾಕಬೇಡಿ. ಮುಂದಿನ 21 ಬೇಸಿನ ಲಿಂಕರ್ (ಕೊಂಡಿ), ಜಿಎಫ್‌ಪಿಯ ಆರಂಭವೂ ಇರಲಿ. ಎಷ್ಟೋ ಸಲ ಲಿಂಕರ್ ಹೋಗಿ ಟೋಹೋಲ್ಡಿಗೆ ಅಂಟಿರುತ್ತದೆ.

ಟ್ರಿಗರ್ ಇದ್ದಾಗ ಹೊಳಪು ಏರದಿರುವುದಕ್ಕೆ ಸಾಮಾನ್ಯ ಕಾರಣ ಟ್ರಿಗರ್ ತನ್ನಷ್ಟಕ್ಕೆ ಸುತ್ತಿಕೊಂಡಿರುವುದು. ಟೋಹೋಲ್ಡಿಗೆ ಹಿಡಿಯಬೇಕಾದ ಅದರ 12 ಬೇಸುಗಳು ಬಿಡಿಯಾಗಿರಬೇಕು. ಆಗದಿದ್ದರೆ ಟೋಹೋಲ್ಡನ್ನು 15ಕ್ಕೆ ಏರಿಸಿ. ಟ್ರಿಗರ್ ಹೆಚ್ಚು ಪ್ರತಿಗಳ ಪ್ಲಾಸ್ಮಿಡ್ಡಿನಲ್ಲಿರಲಿ, ಸ್ವಿಚ್ ಕಡಿಮೆ ಪ್ರತಿಗಳದ್ದರಲ್ಲಿ. ನೀವು ಇದನ್ನು ತಿರುವುಮುರುವು ಮಾಡಿದ್ದರೆ ಎರಡರಷ್ಟಕ್ಕೇ ನಿಂತದ್ದು ಆಶ್ಚರ್ಯವಲ್ಲ.

ಮುಂದಿನ ಸ್ವಿಚ್ಚಿಗೆ ಇದೂ ಗಮನದಲ್ಲಿರಲಿ: ಎಯುಜಿ ನಂತರದ 9 ಬೇಸುಗಳು ಟ್ರಿಗರ್‌ನದೇ ನಕಲು, ಅಂದರೆ 3 ಕೋಡಾನ್ (ಮೂರು ಮೂರು ಬೇಸಿನ ಪದಗಳು). ಅಲ್ಲಿ ‘ನಿಲ್ಲಿಸು’ ಎನ್ನುವ ಕೋಡಾನ್‌ಗಳಾದ ಯುಎಎ, ಯುಎಜಿ ಅಥವಾ ಯುಜಿಎ ಬಂದರೆ ಜಿಎಫ್‌ಪಿ ಹುಟ್ಟುವುದೇ ಇಲ್ಲ. ಮೂಲ ಆರ್‌ಎನ್‌ಎಯಲ್ಲಿ ಟ್ರಿಗರ್ ಆಗಿ ಆರಿಸಿದ ತುಣುಕನ್ನು ಒಂದು ಬೇಸ್ ಆಚೀಚೆ ಸರಿಸಿದರೆ ಸಾಕಾಗಬಹುದು.