ಕೆಂಪು ನೀರು, ತಿಳಿ ನೀರು, ಮತ್ತೆ ನನ್ನ ಹಿತ್ತಾಳೆ ಚೊಂಬು

ಪ್ರಶ್ನೆ: ಮೇಡಂ, ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಮನೆಗೆ ನೀರು ಮೇಲಿನ ಕೊಲ್ಲಿಯಿಂದ (ಗುಡ್ಡದ ತೊರೆಯಿಂದ) ಪೈಪಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಪೂರಾ ಕೆಂಪು. ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತೇವಲ್ಲ, ಅದರ ತಾಮ್ರ ನೀರಿಗೆ ಸೇರಿದೆಯೋ ಏನೋ ಅಂತ ಹೆದರಿ ಪರೀಕ್ಷೆ ಮಾಡಿಸಿದೆ. ರಾತ್ರಿಯಿಡೀ ಕೊಡದಲ್ಲಿಟ್ಟು, ಮೇಲಿನ ತಿಳಿಯನ್ನು ಬಾಟಲಿಗೆ ಬಗ್ಗಿಸಿ ಕೊಟ್ಟಿದ್ದೆ. ಲೀಟರಿಗೆ 0.02 ಮಿಲಿಗ್ರಾಂ ಅಂತ ಬಂತು. ಇನ್ನು ಭಯ ಇಲ್ಲ ಅಲ್ವಾ? ಚೆನ್ನಾಗಿ ಕುದಿಸಿದರೆ ಎಲ್ಲ ಹೋಗುತ್ತದೆ ಅನ್ನುತ್ತಾರೆ ನಮ್ಮತ್ತೆ.
– ಓದುಗರೊಬ್ಬರು, ಮಾದಾಪುರ

ಉತ್ತರ: ಕುಡಿಯುವುದೂ ಅದೇ ತಿಳಿ ನೀರನ್ನಾದರೆ ತಾಮ್ರದ ಭಯ ಬೇಡ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ತಾಮ್ರದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 1.5ರವರೆಗೂ ಬಿಡುತ್ತಾರೆ. ಆದರೆ ನಿಮ್ಮ ಕೊಲ್ಲಿ ಹೇಗಿದೆ ಅಂತ ಈ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಅದನ್ನು ಹೇಳಬೇಕಾಗಿದ್ದ ಕೆಸರು ಕೊಡದ ತಳದಲ್ಲಿತ್ತು. ನೀವು ಅದನ್ನು ಅಂಗಳಕ್ಕೆ ಚೆಲ್ಲಿರುತ್ತೀರಿ!

ಆ ಕೆಂಪು ತಾಮ್ರದ್ದಲ್ಲ, ನಮ್ಮ ಮಣ್ಣಿನ ಕಬ್ಬಿಣದ್ದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಹಟ್ಟಿಹೊಳೆ ಹೇಗಿತ್ತು ಅಂತ ಮಾದಾಪುರದವರಿಗೆ ನಾನು ಹೇಳಬೇಕಾಗಿಲ್ಲ. ಬಣ್ಣ ನೋಡಿ ಹೆದರಬೇಡಿ. ಆದರೆ ಆ ತುಕ್ಕಿನಂಥ ಕಬ್ಬಿಣಕ್ಕೂ, ನುಣುಪು ಜೇಡಿಗೂ, ಕೊಳೆತ ಎಲೆಯ ಕಪ್ಪಿಗೂ ಒಂದು ಗುಣ ಇದೆ. ತಾಮ್ರ, ಸೀಸದಂಥ ಲೋಹ ಸಿಕ್ಕರೆ ಹಿಡಿದುಕೊಳ್ಳುತ್ತವೆ. ಮಳೆಗೆ ಮುಂಚೆ ನೀವು ಹೊಡೆದ ಬೋರ್ಡೋ ಎಲೆಯಿಂದ ತೊಳೆದು ಮಣ್ಣಿಗೆ ಬೀಳುತ್ತದೆ, ಅಲ್ಲೇ ಮೇಲ್ಮಣ್ಣಿನಲ್ಲಿ ಕಚ್ಚಿಕೊಳ್ಳುತ್ತದೆ. ಕಕ್ಕಡದ (ಜುಲೈ–ಆಗಸ್ಟಿನ) ಮಳೆಗೆ ಮೇಲ್ಮಣ್ಣು ಕೊಚ್ಚಿದರೆ ತಾಮ್ರವೂ ಅದರ ಬೆನ್ನೇರಿ ಕೊಲ್ಲಿಗೆ ಇಳಿಯುತ್ತದೆ. ಕಣ ತಳಕ್ಕೆ ಕೂತ ಕಡೆ ಅದೂ ಕೂರುತ್ತದೆ.

ಮುಂದಿನ ಸಲ ಎರಡು ಬಾಟಲಿ ಕೊಡಿ. ಒಂದು ತಿಳಿಯದ್ದು, ಇನ್ನೊಂದು ಕೊಲ್ಲಿಯಿಂದ ನೇರ ತುಂಬಿದ ಕೆಂಪು ನೀರು. ಕೆಂಪು ಬಾಟಲಿಗೆ ‘ಒಟ್ಟು ತಾಮ್ರ’ ನೋಡಿ ಅಂತ ಬರೆದೇ ಕೊಡಿ. ಇಲ್ಲದಿದ್ದರೆ ಕೆಲವು ಕಡೆ 0.45 ಮೈಕ್ರಾನ್ ತೂತಿನ ಫಿಲ್ಟರಿನಲ್ಲಿ ಸೋಸಿ, ಕರಗಿದ್ದನ್ನಷ್ಟೇ ಅಳೆಯುತ್ತಾರೆ. ಬಾಟಲಿಯನ್ನು ಲ್ಯಾಬಿನಿಂದಲೇ ಕೇಳಿ ತನ್ನಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನಾನು ಕಾಲೇಜಿನ ಲ್ಯಾಬಿಗೆ ಸೇರಿದ ಹೊಸತರಲ್ಲಿ ನಮ್ಮನೆ ಬಾವಿ ನೀರನ್ನು ಹಿತ್ತಾಳೆ ಚೊಂಬಿನಲ್ಲಿ ಬಸ್ಸಿನಲ್ಲಿ ಮಡಿಕೇರಿಗೆ ತಂದಿದ್ದೆ. ಅದೂ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದ ಚೊಂಬು. ತಾಮ್ರವೂ ಜಾಸ್ತಿ, ಸತುವೂ ಜಾಸ್ತಿ! ಎರಡು ದಿನ ಸಿಕ್ಕಿದವರಿಗೆಲ್ಲ ಬಾವಿ ಕೆಟ್ಟಿದೆ ಅಂತ ಹೇಳಿಕೊಂಡು ತಿರುಗಿದೆ. ಕೊನೆಗೆ ನಮ್ಮ ಅಟೆಂಡರ್, “ಅದು ಬಾವೀದಲ್ಲಮ್ಮ, ಚೊಂಬಿಂದು” ಅಂದರು.

ಅತ್ತೆಯವರು ಕುದಿಸಲಿ, ಬೇಡ ಅನ್ನಬೇಡಿ. ರೋಗದ ಕ್ರಿಮಿ ಸಾಯುವುದು ಅದರಿಂದಲೇ. ಆದರೆ ಲೋಹ ಆವಿಯಾಗಿ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಹಾಗಾಗಿ ಮೊದಲು ಕೆಸರು ಇಳಿಯಲಿ, ಆಮೇಲೆ ಒಲೆ. ರಾತ್ರಿ ಕಳೆದರೂ ನೀರು ಮಬ್ಬಾಗಿದ್ದರೆ ಪಟಿಕದ ಗಟ್ಟಿಯನ್ನು ನಾಲ್ಕು ಸುತ್ತು ಆಡಿಸಿ ತೆಗೆಯಿರಿ. ನಮ್ಮ ಕಡೆ ನೀರು ತುಂಬಾ ಮೆದು, ಅಂದರೆ ಸುಣ್ಣದಂಶ ಕಡಿಮೆ. ಪಟಿಕ ಜಾಸ್ತಿ ಆದರೆ ನೀರು ಹುಳಿ ತಿರುಗುತ್ತದೆ, ಕೆಸರೂ ಸರಿಯಾಗಿ ಕೂರುವುದಿಲ್ಲ.

ನೀವು ಕೇಳದೇ ಇದ್ದ ಒಂದು ಮಾತು. ಬೋರ್ಡೋ ಕಲಸಿದ ಡ್ರಮ್ಮನ್ನು ಎಲ್ಲಿ ತೊಳೆಯುತ್ತೀರಿ? ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಹಾಕುತ್ತೀರಲ್ಲ, ಅದರಲ್ಲಿ ಕಾಲು ಕಿಲೋ ಬರೀ ತಾಮ್ರ. ಅಂದರೆ ಲೀಟರಿಗೆ 2,500 ಮಿಲಿಗ್ರಾಂ. ಡ್ರಮ್ಮಿನ ತಳದಲ್ಲಿ ಉಳಿದ ಒಂದೇ ಲೀಟರ್ ಸಾಕು, 50,000 ಲೀಟರ್ ಶುದ್ಧ ನೀರನ್ನು ಆ 0.05ರ ಗೆರೆಗೆ ಮುಟ್ಟಿಸಲು. ಮೆದು ನೀರಿನಲ್ಲಿ ಮೀನಿಗೆ ತಾಮ್ರದ ವಿಷ ಇನ್ನೂ ಬೇಗ ಏರುತ್ತದೆ. ನಮಗೆ ಸರಿ ಅನ್ನುವ ಲೆಕ್ಕ ಮೀನಿಗೆ ಸರಿಯಲ್ಲ. ಕೊಲ್ಲಿ ಹತ್ತಿರ, ನೀರು ಸುಲಭ ಅಂತ ಆಳುಗಳು ಅಲ್ಲೇ ತೊಳೆಯುತ್ತಾರೆ. ನಮ್ಮ ತೋಟದಲ್ಲೂ ಎಷ್ಟೋ ವರ್ಷ ಹಾಗೇ ನಡೆದಿತ್ತು. ಈಗ ತೊಳೆದ ನೀರನ್ನು ಮುಂದಿನ ಡ್ರಮ್ ಕಲಸಲು ಬಳಸುತ್ತೇವೆ. ಕೊನೆಯದನ್ನು ಕಾಫಿ ಗಿಡಗಳಿಗೇ ಹೊಡೆದು ಮುಗಿಸುತ್ತೇವೆ.

ಪ್ರಶ್ನೆ: ಜನವರಿಯಲ್ಲಿ ನಮ್ಮ ತೋಡಿನ ನೀರು ಕಪ್ಪಗಾಗಿ ನಾರುತ್ತದೆ. ಇದೂ ಲೋಹವಾ?
– ಇನ್ನೊಬ್ಬರು, ಸಿದ್ದಾಪುರ

ಉತ್ತರ: ಮೇಲೆ ಯಾರದೋ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುತ್ತಿದೆಯಾ ನೋಡಿ. ಹಣ್ಣಿನ ಸಿಪ್ಪೆ, ಲೋಳೆಯ ಸಕ್ಕರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತವೆ. ನಾತ ಅದರದ್ದು. ಲೋಹದ ಕಥೆ ಆಮೇಲಿನದು. ಆಮ್ಲಜನಕ ಮುಗಿದು, ನೀರು ಹುಳಿಯಾದರೆ, ಮಳೆಗಾಲದಲ್ಲಿ ತಳಕ್ಕೆ ಕೂತಿದ್ದ ಕೆಸರು ತನ್ನ ಕಬ್ಬಿಣ, ಮ್ಯಾಂಗನೀಸ್ ಬಿಟ್ಟುಕೊಡುತ್ತದೆ. ಅವಕ್ಕೆ ಅಂಟಿದ್ದ ಬೇರೆ ಲೋಹವೂ ನೀರಿಗೆ ಬರಬಹುದು. ಪಲ್ಪರ್ ನಿಮ್ಮದೇ ಆದರೆ ಆ ನೀರಿಗೆ ಸುಣ್ಣ ಹಾಕಿ ಹೊಂಡದಲ್ಲಿ ನಿಲ್ಲಿಸಿ, ತೋಡಿಗೆ ಬಿಡಬೇಡಿ. ಪಕ್ಕದವರದಾದರೆ ಈ ಪುಟ ಕತ್ತರಿಸಿ ಕೊಡಿ, ನನ್ನ ಹೆಸರೇ ಹೇಳಿ. ಬೈಸಿಕೊಂಡು ನನಗೆ ಅಭ್ಯಾಸ ಇದೆ.