ಅರುಣಾಚಲ ಪ್ರದೇಶದಲ್ಲಿ ಜನ ಕಡಿಮೆ, ಖಾಲಿ ಜಾಗ ಜಾಸ್ತಿ. ಅಲ್ಲಿ ಜಮೀನು ತಗೊಂಡು ಹಣ್ಣಿನ ವ್ಯಾಪಾರ ಶುರು ಮಾಡಬಹುದಾ?

ಚದರ ಕಿಲೋಮೀಟರಿಗೆ ಬರೀ 17 ಜನ, ಪೈಪೋಟಿಯೇ ಇರಲ್ಲ ಅಂತ ಬರೆದಿದ್ದೀರಿ. 2016ರಲ್ಲಿ ನಾನೂ ಇದೇ 17ನ್ನು ನಂಬಿ ಹೊರಟವನು.

ರಾಜ್ಯದ ಪಶ್ಚಿಮದ ಬೊಮ್ಡಿಲಾ ಕಡೆ ಕಿವಿ ಹಣ್ಣು ಬೆಳೆಯುತ್ತಾರೆ, ಅದರ ಪೂರ್ವಕ್ಕಿರುವ ಜಿರೋ ಊರಲ್ಲೂ ಬೆಳೆಯುತ್ತಾರೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟೆ. ಎರಡರ ನಡುವೆ ಸುಮಾರು 140 ಕಿಲೋಮೀಟರ್. ಬೆಟ್ಟದ ದಾರಿ ಅಂತ ಅದರ ಅರ್ಧ ಸೇರಿಸಿದೆ. ಬೆಳಿಗ್ಗೆ ಬೊಮ್ಡಿಲಾದಲ್ಲಿ ಲೋಡ್ ಮಾಡಿದರೆ ರಾತ್ರಿಗೆ ಜಿರೋ, ಲಾರಿಯಲ್ಲಿ ಉಳಿದ ಜಾಗವನ್ನು ಅಲ್ಲಿ ತುಂಬಿ ಸೀದಾ ಗುವಾಹಟಿ. ಒಂದೇ ಲಾರಿ, ಒಂದೇ ಬಾಡಿಗೆ.

ನಾನು ಕೆಟ್ಟಿದ್ದು ಇಲ್ಲೇ. ಕಾಮೆಂಗ್, ಸುಬನ್ಸಿರಿ, ಸಿಯಾಂಗ್, ಎಲ್ಲ ನದಿಗಳೂ ಹಿಮಾಲಯದಿಂದ ಕೆಳಗೆ ಅಸ್ಸಾಮಿನ ಬಯಲಿಗೆ ಇಳಿಯುತ್ತವೆ. ದಾರಿಗಳೂ ಅವುಗಳಂತೆಯೇ ಇಳಿಯುತ್ತವೆ. ನಿಮ್ಮ ಕೈಬೆರಳು ಅಗಲಿಸಿ ನೋಡಿ. ಒಂದು ಬೆರಳ ತುದಿಯಿಂದ ಪಕ್ಕದ ತುದಿಗೆ ಇರುವೆ ಹೋಗಬೇಕಾದರೆ ಅಂಗೈವರೆಗೆ ಇಳಿದು ಮತ್ತೆ ಹತ್ತಬೇಕು, ಅಲ್ವಾ? ಅಂಗೈ ಅಂದರೆ ಅಸ್ಸಾಂ. ನಮ್ಮ ಲಾರಿ ಅಸ್ಸಾಂ ಗಡಿಯ ಭಾಲುಕ್‌ಪೊಂಗ್ ಗೇಟು ದಾಟಿ ಕೆಳಗಿಳಿಯಿತು, ಬಯಲಲ್ಲಿ ಪೂರ್ವಕ್ಕೆ ಓಡಿತು, ಮತ್ತೆ ಬೆಟ್ಟ ಹತ್ತಿತು. ನಾನು ಅಳೆದಿದ್ದರ ಹತ್ತಿರ ಹತ್ತಿರ ಮೂರು ಪಟ್ಟು ದಾರಿ. ಸಾಲದ್ದಕ್ಕೆ ಡ್ರೈವರ್ ಅಸ್ಸಾಮಿನವರು. ಅವರಿಗೂ ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರರಾಜ್ಯದವರು ಅರುಣಾಚಲದೊಳಗೆ ಹೋಗಲು ಪಡೆಯಬೇಕಾದ ಅನುಮತಿ, ಬೇಕು. ಅದು ಮುಗಿದಿತ್ತು, ಎರಡನೇ ಗೇಟಿನಲ್ಲಿ ಒಂದು ದಿನ ಹೋಯಿತು.

ಜಿರೋದಲ್ಲಿ ತಾಡಪಾಲು ಎತ್ತಿ ಒಂದು ಹಣ್ಣು ಒತ್ತಿ ನೋಡಿದೆ. ಹೆಬ್ಬೆರಳು ಸಿಪ್ಪೆ ಸೀಳಿ ಒಳಗೆ ಹೋಯಿತು. ಕಿವಿ ಹಣ್ಣನ್ನು ಗಟ್ಟಿ ಇರುವಾಗಲೇ ಕೊಯ್ಯುತ್ತಾರೆ. ರಾಶಿಯಲ್ಲಿ ಕೆಲವು ಮಾಗಿದರೆ ಸಾಕು, ಅವುಗಳಿಂದ ಬರುವ ಎಥಿಲೀನ್ ಅನಿಲಕ್ಕೆ ಪಕ್ಕದವೂ ಮಾಗುತ್ತವೆ. ಗುವಾಹಟಿಗೆ ಹೋಗುವಷ್ಟರಲ್ಲಿ ಅರ್ಧ ಲಾರಿ ಚೆಲ್ಲಬೇಕಾಯಿತು. ಬೆಳೆಗಾರರಿಗೆ ದುಡ್ಡು ಮೊದಲೇ ಕೊಟ್ಟಿದ್ದೆ. ನಷ್ಟವೆಲ್ಲ ನನ್ನದೇ.

ಇನ್ನು ನಿಮ್ಮ ಜಮೀನಿನ ಮಾತು. ಹೊರಗಿನವರು ಅಲ್ಲಿ ಜಮೀನು ಕೊಳ್ಳುವಂತಿಲ್ಲ. 'ಖಾಲಿ ಜಾಗ' ಅನ್ನುವುದೇ ತಪ್ಪು. ಪೊದೆ ಬೆಳೆದ ಇಳಿಜಾರು ಕಂಡರೆ ಯಾರದ್ದೂ ಅಲ್ಲ ಅನಿಸುತ್ತದೆ. ಅದು ಝೂಮ್ ಬೇಸಾಯ (ಕಾಡು ಕಡಿದು ಸುಟ್ಟು ಬೆಳೆ ತೆಗೆಯುವ ಪದ್ಧತಿ) ಮಾಡಿ, ಮಣ್ಣು ಚೇತರಿಸಿಕೊಳ್ಳಲಿ ಅಂತ ಕೆಲವು ವರ್ಷ ಬಿಟ್ಟಿರುವ ಹೊಲ. ಯಾವ ಮನೆತನದ್ದು ಅಂತ ಊರಿಗೆಲ್ಲ ಗೊತ್ತು. ಜನ ಕಡಿಮೆ ಅಂದರೆ ಪೈಪೋಟಿ ಕಡಿಮೆ ಅಂತಲೂ ಅಲ್ಲ. ಹತ್ತಿರದಲ್ಲಿ ಕೊಳ್ಳುವವರು ಕಡಿಮೆ, ಕೂಲಿಗೆ ಸಿಗುವವರು ಕಡಿಮೆ, ಲಾರಿಗಳೂ ಕಡಿಮೆ.

ಈಗ ರಾಜ್ಯದ ಉದ್ದಕ್ಕೂ ಹೋಗುವ ಟ್ರಾನ್ಸ್-ಅರುಣಾಚಲ ಹೆದ್ದಾರಿಯಿಂದ ಓಡಾಟ ಸುಧಾರಿಸಿದೆ, ನಿಜ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿದರೆ ಎಂಥ ಹೆದ್ದಾರಿಯೂ ನಿಲ್ಲುತ್ತದೆ. ನನ್ನ ಮಾತು ಕೇಳುವುದಾದರೆ ಹಸಿ ಹಣ್ಣು ಬಿಡಿ. ಒಣಗಿಸಿದ ದೊಡ್ಡ ಏಲಕ್ಕಿ ಹಿಡಿಯಿರಿ, ದಾರಿಯಲ್ಲಿ ನಾಲ್ಕು ದಿನ ನಿಂತರೂ ಹಾಳಾಗಲ್ಲ. ಜಿರೋದವರೇ ಕಿವಿ ಹಣ್ಣಿನಿಂದ ವೈನ್ ಮಾಡುತ್ತಿದ್ದಾರೆ. ಹಣ್ಣೇ ಆಗಬೇಕು ಅಂದರೆ ಒಂದೇ ಕಣಿವೆಯಲ್ಲಿ ಕೊಂಡು ಸೀದಾ ಕೆಳಗಿಳಿಸಿ. ದುಡ್ಡು ಕೊಡುವ ಮೊದಲು ಒಮ್ಮೆ ಆ ದಾರಿಯಲ್ಲಿ ಲಾರಿಯಲ್ಲೇ ಕೂತು ಹೋಗಿ ಬನ್ನಿ.