“ಯಾರ ಮನೆ ಹುಡುಗಿ ನೀನು?”

ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬರುವ ಹುಡುಗಿಯರು ಮೆಡಿಕಲ್ ಶಾಪ್ ಬಗ್ಗೆ ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. ಕಾಂಡೋಮ್ ಕೇಳಿದರೆ ಮೇಲಿಂದ ಕೆಳಗೆ ನೋಡಿದರು. ಪ್ರೆಗ್ನೆನ್ಸಿ ಕಿಟ್ ಕೇಳಿದರೆ ಅಂಗಡಿಗೆಲ್ಲ ಕೇಳುವ ಹಾಗೆ ಜೋರಾಗಿ ಹೆಸರು ಹೇಳಿದರು. ಮಾತ್ರೆ ಕೇಳಿದರೆ ಇಲ್ಲ ಅಂದರು, ಡಬ್ಬ ಹಿಂದೆಯೇ ಕಾಣುತ್ತಿತ್ತು. ಕೌಂಟರಿನ ಆ ಕಡೆಯವರು ನನ್ನೆದುರು ಬಂದು ಕೂರುವುದು ಅಪರೂಪ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ತಾಲ್ಲೂಕು ಕೇಂದ್ರದಲ್ಲಿ ಅವರದು ಹಳೇ ಮೆಡಿಕಲ್ ಶಾಪ್. ಐವತ್ತು ದಾಟಿದವರು. ರಾತ್ರಿ ನಿದ್ದೆ ಬರುವುದಿಲ್ಲ ಅಂತ ಹೆಂಡತಿ ಕರೆದುಕೊಂಡು ಬಂದರು. ವಿಷಯ ಹೊರಗೆ ಬರಲು ಸ್ವಲ್ಪ ಸಮಯ ಹಿಡಿಯಿತು. ಕಾಲೇಜು ಓದುವ ಹುಡುಗಿಯೊಬ್ಬಳು ತುರ್ತು ಗರ್ಭನಿರೋಧಕ ಮಾತ್ರೆ ಕೇಳಿಕೊಂಡು ಬಂದಿದ್ದಳು. ಇವರು “ಯಾರ ಮನೆ ಹುಡುಗಿ ನೀನು? ಮದುವೆ ಆಗಿದ್ಯಾ?” ಅಂತ ಕೇಳಿ ಬರಿಗೈಯಲ್ಲಿ ಕಳಿಸಿದರು. ಆಮೇಲೆ ಅವಳು ಬೇರೆಲ್ಲಿಂದಲೋ ಗರ್ಭಪಾತದ ಮಾತ್ರೆ ತರಿಸಿ, ಯಾರನ್ನೂ ಕೇಳದೆ ನುಂಗಿ, ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದಳು. ಉಳಿದುಕೊಂಡಳು. ಐರನ್ ಮಾತ್ರೆಯ ಚೀಟಿ ಹಿಡಿದು ಬಂದ ಅವಳ ಗೆಳತಿ ಇವರಿಗೆ, “ಅವತ್ತು ನೀವು ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಅಂಕಲ್” ಅಂದುಬಿಟ್ಟಳು.

ತಿರುವು ಸಿಕ್ಕಿದ್ದು ಒಂದು ಸಣ್ಣ ಪ್ರಶ್ನೆಯಿಂದ. ಅವರು ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದರು: “ನನ್ನ ಮಗಳ ವಯಸ್ಸಿನವಳು ಮೇಡಂ. ನಾನೇ ಕೊಟ್ಟೆ ಅಂತ ಊರಲ್ಲಿ ಗೊತ್ತಾದ್ರೆ?”

ನಾನು ಕೇಳಿದೆ, “ಆ ಮಾತ್ರೆ ನಿಮ್ಮ ಅಂಗಡಿಯಲ್ಲಿ ಖರ್ಚಾಗುತ್ತಾ?”

“ಆಗುತ್ತೆ. ಸ್ಟಾಕ್ ಇಟ್ಟಿರ್ತೀನಿ.”

“ಯಾರು ತಗೊಳ್ತಾರೆ?”

“ಹುಡುಗ್ರು ಬರ್ತಾರೆ. ಗಂಡಸ್ರು.”

“ಅವರನ್ನ ಏನು ಕೇಳ್ತೀರಿ?”

“ಏನೂ ಕೇಳಲ್ಲ. ಪೇಪರ್‌ನಲ್ಲಿ ಸುತ್ತಿ ಕೊಡ್ತೀನಿ. ಮುಖನೂ ನೋಡಲ್ಲ.”

ಹೇಳಿ ಮುಗಿಸಿ ಅವರೇ ತಲೆ ತಗ್ಗಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ನುಂಗೋಳು ಅವಳು. ತಗೊಳ್ಳೋನು ಅವನು. ಅವನಿಗೆ ಕೊಡ್ತೀನಿ, ಅವಳಿಗೆ ಕೊಡಲ್ಲ” ಅಂದರು. ನಾನು ಹೇಳಬೇಕೆಂದಿದ್ದ ಮಾತು ಅವರ ಬಾಯಿಂದಲೇ ಬಂತು.

“ನಿಮ್ಮದೇನೂ ತಪ್ಪಿಲ್ಲ ಬಿಡಿ” ಅಂತ ಹೇಳಿ ಕಳಿಸಬಹುದಿತ್ತಲ್ಲ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನಿದ್ದೆ ಕೆಟ್ಟವರಿಗೆ ಇನ್ನೊಂದು ಭಾರ ಯಾಕೆ ಅನ್ನುವುದು ಅವರ ವಾದ. ನಾನು ಒಪ್ಪುವುದಿಲ್ಲ. ನಡೆದ ಎಲ್ಲದಕ್ಕೂ ಇವರೊಬ್ಬರೇ ಕಾರಣ ಅಲ್ಲ, ಅದನ್ನು ಅವರಿಗೆ ಸ್ಪಷ್ಟವಾಗಿ ಹೇಳಿದೆ. ಆದರೆ ನಾಳೆ ಬೆಳಿಗ್ಗೆ ಇನ್ನೊಬ್ಬಳು ಅದೇ ಕೌಂಟರಿಗೆ ಬರುತ್ತಾಳೆ. ಅವಳಿಗೆ ಏನು ಮಾಡಬೇಕು ಅಂತ ಗೊತ್ತಿದ್ದರೇ ಇವರಿಗೆ ನೆಮ್ಮದಿ. ಬರೀ ಸಮಾಧಾನದ ಮಾತಿನಿಂದ ಅದು ಬರುವುದಿಲ್ಲ.

ಅವರ ಭಯದಲ್ಲಿ ಅರ್ಧ ತಿಳಿವಳಿಕೆಯ ಕೊರತೆ. ಎರಡು ಮಾತ್ರೆಗಳೂ ಅವರ ತಲೆಯಲ್ಲಿ ಒಂದೇ ಆಗಿದ್ದವು. ಲೆವೊನೋರ್‌ಜೆಸ್ಟ್ರೆಲ್ 1.5 ಮಿ.ಗ್ರಾಂ ಅನ್ನುವುದು ತುರ್ತು ಗರ್ಭನಿರೋಧಕ ಮಾತ್ರೆ. ಅದು ಮುಖ್ಯವಾಗಿ ಅಂಡಾಣು ಬಿಡುಗಡೆಯಾಗುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ. ನಿಂತ ಗರ್ಭವನ್ನು ಇಳಿಸುವುದಿಲ್ಲ. ನಮ್ಮ ದೇಶದಲ್ಲಿ 2005ರಿಂದಲೇ ಈ ಔಷಧಿಗೆ ಡಾಕ್ಟರ್ ಚೀಟಿ ಬೇಕಿಲ್ಲ. ಸಂಭೋಗವಾದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಬೇರೆ. ಅವು ಗರ್ಭಪಾತದ ಮಾತ್ರೆಗಳು. ವೈದ್ಯರ ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ. ಚೀಟಿ ಬೇಡದ ಮಾತ್ರೆಯನ್ನು ಇವರು ತಡೆದರು. ಚೀಟಿ ಬೇಕಾದ್ದು ಕಳ್ಳದಾರಿಯಲ್ಲಿ ಅವಳ ಕೈ ಸೇರಿತು. ನನ್ನನ್ನು ಕಾಡುವುದು ಇದೇ.

“ಸುಲಭವಾಗಿ ಕೊಟ್ಟರೆ ಹುಡುಗಿಯರು ಕೆಡಲ್ವಾ?” ಅಂತ ಓದುಗರೂ ಕೇಳಬಹುದು. ಅವಳು ನಿಮ್ಮ ಅಂಗಡಿಗೆ ಬರುವುದು ಆಗುವುದು ಆದ ಮೇಲೆ. ನೀವು ಇಲ್ಲ ಅಂದರೆ ಆದದ್ದು ಅಳಿಸಿಹೋಗುವುದಿಲ್ಲ, ಗಂಟೆಗಳು ಮಾತ್ರ ಕಳೆಯುತ್ತವೆ. ಕಾಂಡೋಮ್ ಕೇಳಲು ಬಂದವಳಂತೂ ಮುಂದಿನದನ್ನು ಯೋಚಿಸಿಯೇ ಬಂದಿರುತ್ತಾಳೆ. ಅವಳನ್ನು ಯಾಕೆ ಗದರಿಸಬೇಕು?

ಅವರಿಗೆ ಕೊಟ್ಟ ಸಲಹೆಯಲ್ಲಿ ದೊಡ್ಡ ಮಾತೇನೂ ಇಲ್ಲ. ಮದುವೆ, ಮನೆತನ ಕೇಳಬೇಡಿ. ಕೇಳಬೇಕಾದ್ದು ಒಂದೇ: “ಎಷ್ಟು ಹೊತ್ತಾಯ್ತಮ್ಮ?” ಆಮೇಲೆ ಮೆಲ್ಲಗೆ ಹೇಳಿ: ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕಾಗುತ್ತೆ. ಮುಟ್ಟು ಒಂದು ವಾರಕ್ಕಿಂತ ಜಾಸ್ತಿ ತಡವಾದರೆ ಕಿಟ್‌ನಲ್ಲಿ ನೋಡಿಕೊಳ್ಳಮ್ಮ. ಪದೇ ಪದೇ ಇದನ್ನೇ ನಂಬಬೇಡ, ಸೋಂಕನ್ನೂ ಇದು ತಡೆಯಲ್ಲ, ಅದಕ್ಕೆ ಕಾಂಡೋಮೇ ಆಗಬೇಕು. ಜನ ಇದ್ದರೆ ಹೆಸರು ಕೂಗಬೇಡಿ, ಅವಳು ಮೊಬೈಲ್‌ನಲ್ಲಿ ಟೈಪ್ ಮಾಡಿ ತೋರಿಸಿದರೂ ಸಾಕು. ಯಾರು ಬಂದರು ಅನ್ನುವುದು ಮನೆಯಲ್ಲೂ ಬಾಯಿಗೆ ಬರಕೂಡದು. ಊರ ಭಯಕ್ಕೆ ಅದೇ ಮದ್ದು: ನೀವು ಹೇಳದಿದ್ದರೆ ಊರಿಗೆ ಹೇಗೆ ಗೊತ್ತಾಗುತ್ತೆ?

“ಹದಿನೆಂಟು ತುಂಬದವಳು ಬಂದ್ರೆ?” ಅಂದರು. ಸರಿಯಾದ ಪ್ರಶ್ನೆ. ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಬರುತ್ತದೆ. ಆ ಮಗುವಿಗೆ ಯಾರಾದರೂ ತೊಂದರೆ ಕೊಟ್ಟಿರಲೂಬಹುದು. ಹಾಗಾಗಿ ಓಡಿಸುವುದಂತೂ ಕೂಡದು. ಕೂರಿಸಿ, ನೀರು ಕೊಟ್ಟು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಈಗ ಸಂಜೆ ಹೊತ್ತಿಗೆ ಡಿ.ಫಾರ್ಮ ಮುಗಿಸಿದ ಹುಡುಗಿಯೊಬ್ಬಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಅವಳು ರಜೆ ಹಾಕಿದ ದಿನ ಏನು ಮಾಡ್ತೀರಿ ಅಂತ ಕೇಳಿದೆ. “ನಾನೇ ಕೊಡಬೇಕಲ್ವಾ” ಅಂದರು. ಸೆಷನ್‌ನಲ್ಲಿ ಈಗ ನಾವು ಅದನ್ನೇ ಅಭ್ಯಾಸ ಮಾಡುತ್ತಿದ್ದೇವೆ. ನಾನು ಗಿರಾಕಿ, ಅವರು ಅಂಗಡಿಯವರು. “ಎಷ್ಟು ಹೊತ್ತಾಯ್ತಮ್ಮ” ಅನ್ನುವಾಗ ಇನ್ನೂ ಸ್ವಲ್ಪ ತಡವರಿಸುತ್ತಾರೆ.